ಇಂಟರ್ನೆಟ್ ಕಂಪನಿಯ ಪೆಟ್ಟಿಗೆ ಮತ್ತು ನಮ್ಮ ಸ್ವಂತ ರೂಟರ್



ಒಂದು ಕಾಲದಲ್ಲಿ ಗ್ಯಾಸ್ ಮುಗಿದರೆ ಅಥವಾ ನೀರು ನಿಂತರೆ ಮಾತ್ರ ನಮ್ಮ ಹೋಟೆಲುಗಳ ವ್ಯಾಪಾರ ನಿಲ್ಲುತ್ತಿತ್ತು. ಈಗ ಆ ಪಟ್ಟಿಗೆ ಇಂಟರ್ನೆಟ್ ಕೂಡ ಸೇರಿದೆ. ಗಲ್ಲಾದ ಬಿಲ್ಲಿಂಗ್ ಕಂಪ್ಯೂಟರ್, ಅಡುಗೆಮನೆಯ ಕೆಓಟಿ ಪ್ರಿಂಟರ್, ಸ್ವಿಗ್ಗಿ, ಜೊಮ್ಯಾಟೊ ಆರ್ಡರ್ ಬರುವ ಟ್ಯಾಬ್, ಸಿಸಿಟಿವಿ ಎಲ್ಲವೂ ಗೋಡೆಯ ಮೇಲಿನ ಒಂದೇ ಪುಟ್ಟ ಪೆಟ್ಟಿಗೆಯನ್ನು ನಂಬಿಕೊಂಡಿವೆ. ಕನೆಕ್ಷನ್ ಕೊಡುವಾಗ ಇಂಟರ್ನೆಟ್ ಕಂಪನಿಯವರು ಇಟ್ಟುಹೋದ ಪೆಟ್ಟಿಗೆ ಅದು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅದು ಕೈಕೊಟ್ಟರೆ ಸಪ್ಲಾಯರ್ ಬರೆದುಕೊಂಡ ಆರ್ಡರ್ ಅಡುಗೆಮನೆ ತಲುಪುವುದಿಲ್ಲ, ಪಾರ್ಸೆಲ್ ಆರ್ಡರ್ ಕಾಣುವುದಿಲ್ಲ, ಗಲ್ಲಾದ ಮುಂದೆ ಸಾಲು ಬೆಳೆಯುತ್ತದೆ.

ಆ ಪೆಟ್ಟಿಗೆಯ ಬದಲು ಸ್ವಂತ ರೂಟರ್ ಹಾಕಿಕೊಳ್ಳಬಹುದೇ? ಹಾಕಿಕೊಳ್ಳಬಹುದು. ಆದರೆ ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಮುಟ್ಟಬಾರದು ಎಂದು ಮೊದಲೇ ತಿಳಿದಿರಬೇಕು.

ಪೆಟ್ಟಿಗೆಯೊಳಗೆ ಎರಡು ಕೆಲಸ

ಇಂದು ನಗರಗಳಲ್ಲಿ ಹೆಚ್ಚಾಗಿ ಬರುವುದು ಫೈಬರ್ ಕನೆಕ್ಷನ್. ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಮಾಹಿತಿ ಬೆಳಕಿನ ರೂಪದಲ್ಲಿ ಬರುತ್ತದೆ. ಅದನ್ನು ನಮ್ಮ ಯಂತ್ರಗಳಿಗೆ ಅರ್ಥವಾಗುವ ವಿದ್ಯುತ್ ಸಂಕೇತವಾಗಿ ಬದಲಾಯಿಸುವುದು ಪೆಟ್ಟಿಗೆಯ ಮೊದಲ ಕೆಲಸ. ಈ ಭಾಗಕ್ಕೆ ಓಎನ್‌ಟಿ ಎನ್ನುತ್ತಾರೆ. ಬಂದ ಇಂಟರ್ನೆಟ್ಟನ್ನು ಹೋಟೆಲಿನ ಎಲ್ಲ ಯಂತ್ರಗಳಿಗೆ ಹಂಚುವುದು, ವೈಫೈ ಕೊಡುವುದು ಎರಡನೆಯ ಕೆಲಸ. ಇದೇ ರೂಟರ್.

ನೀರಿನ ಉದಾಹರಣೆ ನೋಡಿ. ಮೀಟರ್ ತನಕ ನೀರು ತರುವುದು ಮಹಾನಗರಪಾಲಿಕೆಯ ಕೆಲಸ. ಅಲ್ಲಿಂದ ಮುಂದೆ ಟ್ಯಾಂಕಿ, ಪೈಪು, ನಲ್ಲಿ ಎಲ್ಲವೂ ನಮ್ಮದು. ಓಎನ್‌ಟಿ ಆ ಮೀಟರಿನ ಹಾಗೆ. ಅದರ ಸೀರಿಯಲ್ ನಂಬರ್ ಕಂಪನಿಯಲ್ಲಿ ನೋಂದಣಿಯಾಗಿರುತ್ತದೆ. ಬಜಾರಿನಿಂದ ಬೇರೊಂದನ್ನು ತಂದು ಫೈಬರ್ ಸಿಕ್ಕಿಸಿದರೆ ಕನೆಕ್ಷನ್ ಬರುವುದಿಲ್ಲ. ಆದ್ದರಿಂದ ಹಳೆಯ ಪೆಟ್ಟಿಗೆಯನ್ನು ಕಿತ್ತೆಸೆಯಬಾರದು. ಬೆಳಕನ್ನು ಬದಲಾಯಿಸುವ ಕೆಲಸ ಅದರಲ್ಲೇ ಇರಲಿ, ಹಂಚುವ ಕೆಲಸವನ್ನು ನಮ್ಮ ರೂಟರಿಗೆ ಕೊಡೋಣ.

ಇದರಿಂದ ಲಾಭವೇನು?

ಮುಖ್ಯ ಲಾಭ ಸ್ವಾತಂತ್ರ್ಯ. ಈಗ ಕಂಪನಿ ಬದಲಾಯಿಸಿದರೆ ಪೆಟ್ಟಿಗೆ ಬದಲಾಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಬದಲಾಗುತ್ತವೆ. ಟ್ಯಾಬ್, ಪ್ರಿಂಟರ್, ಕ್ಯಾಮೆರಾ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು. ಈ ತಲೆನೋವಿಗೆ ಹೆದರಿಯೇ ಅನೇಕರು ಕೆಟ್ಟ ಸರ್ವಿಸನ್ನು ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ರೂಟರ್ ನಮ್ಮದಾದರೆ ಕಂಪನಿ ಬದಲಾದಾಗ ಒಂದು ತಂತಿ ತೆಗೆದು ಇನ್ನೊಂದು ಹಾಕಿ, ರೂಟರಿನಲ್ಲಿ ಹೊಸ ಕನೆಕ್ಷನ್ನಿನ ವಿವರ ತುಂಬಿದರಾಯಿತು. ಒಳಗಿನ ಯಂತ್ರಗಳನ್ನು ಮುಟ್ಟಬೇಕಾಗಿಲ್ಲ.

ಎರಡು ಕನೆಕ್ಷನ್ ಹಿಡಿಯುವ ರೂಟರುಗಳೂ ಸಿಗುತ್ತವೆ. ಒಂದು ಲೈನ್ ಸತ್ತಾಗ ಅವು ತಾವಾಗಿಯೇ ಇನ್ನೊಂದಕ್ಕೆ ಹೊರಳುತ್ತವೆ. ಆದರೆ ರಸ್ತೆ ಅಗೆಯುವಾಗ ಫೈಬರ್ ತುಂಡಾದರೆ ಎಷ್ಟು ಬೆಲೆಯ ರೂಟರ್ ಇದ್ದರೂ ಪ್ರಯೋಜನವಿಲ್ಲ. ಎರಡನೆಯ ಲೈನ್ ಅಥವಾ ಸಿಮ್ ಇದ್ದರೆ ಮಾತ್ರ ಆಗ ವ್ಯಾಪಾರ ನಡೆಯುತ್ತದೆ.

ಜೋಡಿಸುವ ಎರಡು ದಾರಿ

ಮೊದಲನೆಯದು ಬ್ರಿಡ್ಜ್ ಮೋಡ್. ಇದರಲ್ಲಿ ಕಂಪನಿಯ ಪೆಟ್ಟಿಗೆ ಓಎನ್‌ಟಿಯಾಗಿ ಮಾತ್ರ ಉಳಿಯುತ್ತದೆ, ಲಾಗಿನ್ ಮಾಡುವುದು ನಮ್ಮ ರೂಟರ್. ಇದಕ್ಕೆ ಕಂಪನಿಯ ಒಪ್ಪಿಗೆ ಬೇಕು. ಕನೆಕ್ಷನ್ ಪಿಪಿಪಿಓಇ ಬಗೆಯದಾದರೆ ಅದರ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವಿಎಲ್ಎಎನ್ ಸಂಖ್ಯೆಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಅದೇ ಪೆಟ್ಟಿಗೆಯಿಂದ ಲ್ಯಾಂಡ್‌ಲೈನ್ ಫೋನ್ ನಡೆಯುತ್ತಿದ್ದರೆ, ಬ್ರಿಡ್ಜ್ ಮಾಡಿದ ಮೇಲೆ ಫೋನ್ ಉಳಿಯುತ್ತದೆಯೇ ಎಂದೂ ಕೇಳಿ.

ಎರಡನೆಯದು ಸುಲಭ ದಾರಿ. ಕಂಪನಿಯ ಪೆಟ್ಟಿಗೆ ಇದ್ದ ಹಾಗೆಯೇ ಇರಲಿ. ಅದರ ಲ್ಯಾನ್ ಪೋರ್ಟಿನಿಂದ ನಮ್ಮ ರೂಟರಿನ ವ್ಯಾನ್ ಪೋರ್ಟಿಗೆ ಒಂದು ತಂತಿ ಎಳೆದು, ಹಳೆಯದರ ವೈಫೈ ಬಂದ್ ಮಾಡಿ. ಬಿಲ್ಲಿಂಗ್, ಆರ್ಡರ್ ಟ್ಯಾಬ್ ಮುಂತಾದ ಕೆಲಸಗಳಿಗೆ ಇಷ್ಟೇ ಸಾಕು. ಆದರೆ ಎಲ್ಲ ಯಂತ್ರಗಳೂ ಹೊಸ ರೂಟರಿಗೇ ಬರಬೇಕು. ಪ್ರಿಂಟರ್ ಹಳೆಯದರಲ್ಲಿ, ಕಂಪ್ಯೂಟರ್ ಹೊಸದರಲ್ಲಿ ಉಳಿದರೆ ಒಂದಕ್ಕೊಂದು ಕಾಣದೆ ಹೋಗಬಹುದು.

ಕೆಓಟಿ ಪ್ರಿಂಟರ್ ಏಕೆ ನಿಲ್ಲುತ್ತದೆ?

ರೂಟರ್ ಬದಲಾಯಿಸಿದ ದಿನ ಮುಖ್ಯವಾಗಿ ನೋಡಬೇಕಾದದ್ದು ಇದನ್ನು. ಅಡುಗೆಮನೆಯ ಪ್ರಿಂಟರಿಗೆ ಸಾಮಾನ್ಯವಾಗಿ 192.168.1.100 ಎಂಬಂಥ ಒಂದು ಸ್ಥಿರ ವಿಳಾಸ ಕೊಟ್ಟಿರುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಆ ವಿಳಾಸಕ್ಕೇ ಕೆಓಟಿ ಕಳಿಸುತ್ತದೆ. ಹೊಸ ರೂಟರ್ 192.168.0 ಎಂಬ ಸಾಲಿನಲ್ಲಿ ವಿಳಾಸ ಹಂಚಿದರೆ ಪ್ರಿಂಟರ್ ಬೇರೆ ಬೀದಿಯ ಮನೆಯಂತಾಗುತ್ತದೆ. ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿರುತ್ತದೆ, ಕೆಓಟಿ ಮಾತ್ರ ಬರುವುದಿಲ್ಲ. ಪ್ರಿಂಟರ್ ಕೆಟ್ಟಿತೆಂದು ಮೆಕ್ಯಾನಿಕ್ ಕರೆಸಿದರೆ ದುಡ್ಡು ದಂಡ.

ಪರಿಹಾರ ಸರಳ. ಹಳೆಯ ಪೆಟ್ಟಿಗೆಯ ವಿಳಾಸವನ್ನೇ (ಉದಾಹರಣೆಗೆ 192.168.1.1) ಹೊಸ ರೂಟರಿಗೆ ಕೊಡಿ. ಎರಡನೆಯ ದಾರಿಯಲ್ಲಿ ಜೋಡಿಸುವವರು ಹಳೆಯ ಪೆಟ್ಟಿಗೆಯನ್ನು 192.168.2.1 ಮಾಡಿ, ಎರಡಕ್ಕೂ ಒಂದೇ ಸಾಲು ಇರಬಾರದು. ಪ್ರಿಂಟರಿನ ವಿಳಾಸವನ್ನು ರೂಟರ್ ಬೇರೆ ಯಂತ್ರಕ್ಕೆ ಕೊಡದಂತೆ ಕಾದಿರಿಸಿ. ವೈಫೈಯ ಹೆಸರು, ಪಾಸ್‌ವರ್ಡ್ ಕೂಡ ಹಳೆಯದನ್ನೇ ಇಟ್ಟರೆ ಟ್ಯಾಬುಗಳು ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ. ಆದರೆ ಆ ಪಾಸ್‌ವರ್ಡ್ ಈಗಾಗಲೇ ಗಿರಾಕಿಗಳಿಗೆಲ್ಲ ಗೊತ್ತಿದ್ದರೆ ಇದೇ ಅವಕಾಶದಲ್ಲಿ ಬದಲಾಯಿಸಿಬಿಡಿ.

ಗಿರಾಕಿಗಳ ವೈಫೈ ಬೇರೆಯೇ ಇರಲಿ

ಬಿಲ್ಲಿಂಗ್ ನಡೆಯುವ ವೈಫೈಯ ಪಾಸ್‌ವರ್ಡನ್ನು ಗೋಡೆಗೆ ಅಂಟಿಸುವುದೆಂದರೆ ಗಲ್ಲಾದ ಬೀಗದ ಕೈಯನ್ನು ಟೇಬಲ್ಲಿನ ಮೇಲೆ ಇಟ್ಟಂತೆ. ಈಗಿನ ಸಾಧಾರಣ ರೂಟರುಗಳಲ್ಲೂ ಗೆಸ್ಟ್ ನೆಟ್‌ವರ್ಕ್ ಸೌಲಭ್ಯವಿದೆ. ಗಿರಾಕಿಗಳಿಗೆ ಅದನ್ನು ಕೊಟ್ಟರೆ ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಮ್ಮ ಕಂಪ್ಯೂಟರ್ ಕಾಣುವುದಿಲ್ಲ.

2008ರ ಜುಲೈ 26ರ ಅಹಮದಾಬಾದ್ ಸರಣಿ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಒಂದು ಬೆದರಿಕೆ ಇಮೇಲ್ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಒಂದು ಮನೆಗೆ. ಆ ಮನೆಯ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಮೊದಲ ಪ್ರಶ್ನೆ ಅವರಿಗೇ ಬರುತ್ತದೆ. ಆದ್ದರಿಂದ ಪಾಸ್‌ವರ್ಡ್ ಇಲ್ಲದ ವೈಫೈ ಬೇಡವೇ ಬೇಡ. ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಭದ್ರತೆ ಇರಲಿ. ರೂಟರಿನ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡನ್ನೂ ಮೊದಲ ದಿನವೇ ಬದಲಾಯಿಸಿ. ಕೆಲಸ ಬಿಟ್ಟುಹೋದವರಿಗೆ ಗೊತ್ತಿರುವ ಪಾಸ್‌ವರ್ಡ್ ಮುಂದುವರಿಸಬೇಡಿ.

ಎಲ್ಲಿ ಇಡಬೇಕು?

ಸ್ಟೀಲ್ ಕೌಂಟರ್, ಫ್ರಿಜ್, ಎಗ್ಸಾಸ್ಟ್ ಹುಡ್ ಇವೆಲ್ಲ ವೈಫೈಗೆ ಅಡ್ಡಗೋಡೆಗಳೇ. 2.4 ಗಿಗಾಹರ್ಟ್ಸ್ ವೈಫೈ ದೂರ ಹೋಗುತ್ತದೆ, ಆದರೆ ಮೈಕ್ರೋವೇವ್ ಓವನ್ ಕೂಡ ಅದೇ ತರಂಗದಲ್ಲಿ ಕೆಲಸ ಮಾಡುವುದರಿಂದ ಅದು ನಡೆಯುವಾಗ ಅಡಚಣೆಯಾಗಬಹುದು. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟುವಾಗ ಸೋಲುತ್ತದೆ. ಎರಡೂ ಇರುವ ರೂಟರನ್ನೇ ಕೊಳ್ಳಿ. ಪ್ಲಾನ್ 100 ಎಂಬಿಪಿಎಸ್‌ಗಿಂತ ಹೆಚ್ಚಿನದಾದರೆ ಪೋರ್ಟುಗಳು ಗಿಗಾಬಿಟ್ ಆಗಿರಲಿ. ಒಗ್ಗರಣೆಯ ಹೊಗೆ, ದೋಸೆ ಕಾವಲಿಯ ಬಿಸಿ ತಾಗದ ಕಡೆ, ಗಲ್ಲಾದ ಹತ್ತಿರ ಎತ್ತರದಲ್ಲಿಡಿ. ಗಲ್ಲಾದ ಕಂಪ್ಯೂಟರಿಗೂ ಅಡುಗೆಮನೆಯ ಪ್ರಿಂಟರಿಗೂ ಸಾಧ್ಯವಾದಷ್ಟು ತಂತಿಯನ್ನೇ ಎಳೆಯಿಸಿ. ಕರೆಂಟ್ ಹೋದಾಗಲೂ ನಡೆಯಬೇಕಾದರೆ ರೂಟರ್ ಮತ್ತು ಓಎನ್‌ಟಿ ಎರಡಕ್ಕೂ ಯುಪಿಎಸ್ ಬೇಕು, ಒಂದಕ್ಕೆ ಕೊಟ್ಟು ಇನ್ನೊಂದನ್ನು ಬಿಟ್ಟರೆ ಉಪಯೋಗವಿಲ್ಲ.

ಕೊನೆಯದಾಗಿ

ಈ ಕೆಲಸವನ್ನು ರಾತ್ರಿ ಶಟರ್ ಎಳೆದ ಮೇಲೆ ಮಾಡಿಸಿ, ರಶ್ ಇರುವ ಹೊತ್ತಿನಲ್ಲಿ ಬೇಡ. ಮುಗಿದ ಮೇಲೆ ಒಂದು ಬಿಲ್, ಒಂದು ಕೆಓಟಿ ತೆಗೆದು ನೋಡಿ. ಟ್ಯಾಬ್, ಕಾರ್ಡ್ ಮೆಷಿನ್, ಕ್ಯಾಮೆರಾ ಒಂದೊಂದಾಗಿ ಪರೀಕ್ಷಿಸಿ. ಯಾವುದು ಎಲ್ಲಿ ಜೋಡಿಸಿದೆ, ಪ್ರಿಂಟರ್ ವಿಳಾಸ ಏನು ಎಂದು ಒಂದು ಕಾಗದದಲ್ಲಿ ಬರೆದು ಗಲ್ಲಾದಲ್ಲಿಡಿ. ಮಾಲೀಕರು ಊರಿಗೆ ಹೋದಾಗ ಮ್ಯಾನೇಜರಿಗೆ ಅದೇ ಆಧಾರ. ಕಂಪನಿಯ ಪೆಟ್ಟಿಗೆ ಸಾಮಾನ್ಯವಾಗಿ ಕಂಪನಿಯ ಆಸ್ತಿಯಾಗಿರುತ್ತದೆ, ಕನೆಕ್ಷನ್ ಬಿಡುವಾಗ ಹಿಂದಿರುಗಿಸಿ ರಸೀದಿ ಪಡೆಯಲು ಮರೆಯಬೇಡಿ.