ಹಾರ್ಮೋನುಗಳ ಅಳತೆ, ಬೆಳವಣಿಗೆಯ ಕಾವಲು

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆರು ವರ್ಷದ ಬಾಲಕನೊಬ್ಬನು ಒಂಬತ್ತು ವರ್ಷದವರ ಎತ್ತರಕ್ಕೆ ಬೆಳೆದು ನಿಂತರೆ ತಾಯಿತಂದೆಗಳು ಹಿಗ್ಗುವುದು ಸಹಜ. ಆದರೆ ವೈದ್ಯರು ಅವನ ಎಡಗೈಯ ಎಕ್ಸ್-ಕಿರಣ ಚಿತ್ರವನ್ನು ತೆಗೆಸಿ ನೋಡಿದಾಗ, ಮೂಳೆಗಳು ಹನ್ನೆರಡು ವರ್ಷದವನ ಮೂಳೆಗಳಂತೆ ಬಲಿತಿದ್ದರೆ? ಆಗ ಆ ಎತ್ತರವೇ ಅಪಾಯದ ಸೂಚನೆಯಾಗುತ್ತದೆ. ಮೂಳೆಗಳು ಉದ್ದಕ್ಕೆ ಬೆಳೆಯುವುದು ಅವುಗಳ ತುದಿಯ ಬಳಿಯಿರುವ ಮೆದು ಪಟ್ಟಿಗಳಿಂದ. ಅವು ಕಾಲಕ್ಕೆ ಮುಂಚೆಯೇ ಗಟ್ಟಿಯಾಗಿ ಮುಚ್ಚಿಹೋದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಾಗಿದ್ದ ಹುಡುಗನು ಪ್ರಾಯಕ್ಕೆ ಬಂದಾಗ ಎಲ್ಲರಿಗಿಂತ ಗಿಡ್ಡನಾಗಿ ಉಳಿಯಬಹುದು.

ಈ ವಿಪರ್ಯಾಸದ ಒಂದು ಮೂಲವನ್ನು ಅರಸುತ್ತ ಹೊರಟರೆ, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಪುಟ್ಟ ನಿರ್ನಾಳ ಗ್ರಂಥಿಗಳನ್ನು ನಾವು ತಲುಪುತ್ತೇವೆ. ಇವೇ ಅಡ್ರಿನಲ್ ಗ್ರಂಥಿಗಳು. ಇವುಗಳ ಹೊರಪದರವು ಕೊಲೆಸ್ಟರಾಲಿನಿಂದ ಮೂರು ಬಗೆಯ ಹಾರ್ಮೋನುಗಳನ್ನು ತಯಾರಿಸುತ್ತದೆ. ಕಾರ್ಟಿಸಾಲ್ ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಹದದಲ್ಲಿಟ್ಟು, ಜ್ವರ, ಗಾಯ ಮೊದಲಾದ ಸಂಕಟಗಳನ್ನು ತಾಳುವ ಶಕ್ತಿಯನ್ನು ದೇಹಕ್ಕೆ ಕೊಡುತ್ತದೆ. ಆಲ್ಡೊಸ್ಟೆರೋನ್ ದೇಹದ ಉಪ್ಪು ಮೂತ್ರದಲ್ಲಿ ಸೋರಿಹೋಗದಂತೆ ಕಾಯುತ್ತದೆ. ಮೂರನೆಯ ಬಗೆಯವು ಆಂಡ್ರೊಜನ್ನುಗಳು. ಪುರುಷಲಕ್ಷಣಗಳನ್ನು ಬೆಳೆಸುವ ಇವು ಹೆಣ್ಣು ಗಂಡು ಇಬ್ಬರಲ್ಲಿಯೂ ಉತ್ಪತ್ತಿಯಾಗುತ್ತವೆ.

ಕೊಲೆಸ್ಟರಾಲು ಕಾರ್ಟಿಸಾಲ್ ಆಗುವುದು ಹಲವು ಮೆಟ್ಟಲುಗಳಲ್ಲಿ. ಅವುಗಳಲ್ಲೊಂದಕ್ಕೆ ೨೧-ಹೈಡ್ರಾಕ್ಸಿಲೇಸ್ ಎಂಬ ಕಿಣ್ವವು ಬೇಕು. ತಾಯಿಯಿಂದಲೂ ತಂದೆಯಿಂದಲೂ ಇದರ ದೋಷಯುಕ್ತ ಜೀನನ್ನೇ ಪಡೆದ ಶಿಶುವಿನಲ್ಲಿ ಈ ಕಿಣ್ವದ ಕೊರತೆಯುಂಟಾಗುತ್ತದೆ. ‘ಜನ್ಮಜಾತ ಅಡ್ರಿನಲ್ ಅತಿವೃದ್ಧಿ’ ಎಂಬ ವ್ಯಾಧಿಯುಳ್ಳವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿಗೆ ಕಾರಣ ಇದೇ. ತಾಯಿತಂದೆಗಳಿಬ್ಬರೂ ಆರೋಗ್ಯವಂತರಾಗಿದ್ದು, ಒಂದೊಂದು ದೋಷಯುಕ್ತ ಜೀನನ್ನು ಹೊತ್ತಿರುವುದೇ ವಾಡಿಕೆ. ಅಂಥವರ ಪ್ರತಿಯೊಂದು ಮಗುವಿಗೂ ವ್ಯಾಧಿ ಬರುವ ಸಂಭವವು ನಾಲ್ಕರಲ್ಲಿ ಒಂದು.

ಕೊರತೆಯಿಂದ ಆಗುವುದೇನು? ಕೆರೆಯ ತೂಬನ್ನು ಕಾಯುವ ನೀರುಗಂಟಿಯನ್ನು ನೆನೆಯೋಣ. ಕಾಲುವೆಯ ನಡುವೆ ಮಣ್ಣು ಕುಸಿದು ಕಡೆಯ ಗದ್ದೆಗೆ ನೀರು ಹೋಗುತ್ತಿಲ್ಲ. ಗದ್ದೆ ಒಣಗುತ್ತಿರುವುದನ್ನು ಕಂಡ ನೀರುಗಂಟಿಯು ತೂಬನ್ನು ಇನ್ನಷ್ಟು ಎತ್ತುತ್ತಾನೆ. ನೀರು ಕಟ್ಟೆಯ ಹಿಂದೆ ತುಂಬಿ ನಿಂತು, ಪಕ್ಕದ ಗದ್ದೆಗೆ ನುಗ್ಗುತ್ತದೆ. ಇಲ್ಲಿ ನೀರುಗಂಟಿಯೆಂದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಕಾರ್ಟಿಸಾಲ್ ಸಾಲದೆಂದು ಅರಿತ ಅದು ಎ.ಸಿ.ಟಿ.ಎಚ್. ಎಂಬ ಚೋದಕವನ್ನು ಹೆಚ್ಚು ಹೆಚ್ಚಾಗಿ ಕಳುಹಿಸುತ್ತದೆ. ಅದರ ಒತ್ತಾಯಕ್ಕೆ ಅಡ್ರಿನಲ್ ಗ್ರಂಥಿಯು ಊದಿಕೊಳ್ಳುತ್ತದೆ. ‘ಅತಿವೃದ್ಧಿ’ ಎಂಬ ಹೆಸರು ಬಂದುದು ಇದರಿಂದಲೇ. ಕಟ್ಟೆಯ ಹಿಂದೆ ತುಂಬಿ ನಿಂತ ನೀರು ೧೭-ಹೈಡ್ರಾಕ್ಸಿಪ್ರೊಜೆಸ್ಟರೋನ್ ಎಂಬ ಪದಾರ್ಥ. ಪಕ್ಕದ ಗದ್ದೆಗೆ ನುಗ್ಗಿದ ನೀರು ಆಂಡ್ರೊಜನ್ನುಗಳು. ಮೂಳೆಗಳನ್ನು ಅಕಾಲದಲ್ಲಿ ಬಲಿಸುವವು ಇವೇ.

ವ್ಯಾಧಿಯ ಉಗ್ರರೂಪದಲ್ಲಿ ಆಲ್ಡೊಸ್ಟೆರೋನ್ ಕೂಡ ಸಾಲದಾಗುತ್ತದೆ. ಹುಟ್ಟಿದ ಎರಡು ಮೂರು ವಾರಗಳೊಳಗೆ ಶಿಶುವು ವಾಂತಿಮಾಡಿಕೊಂಡು, ಉಪ್ಪನ್ನೂ ನೀರನ್ನೂ ಕಳೆದುಕೊಂಡು ಪ್ರಾಣಾಪಾಯಕ್ಕೆ ಗುರಿಯಾಗುತ್ತದೆ. ಹೆಣ್ಣು ಶಿಶುವಿನಲ್ಲಿ ಬಾಹ್ಯ ಜನನಾಂಗದ ರಚನೆಯು ಬದಲಾಗಿರುವುದರಿಂದ ಹುಟ್ಟಿದೊಡನೆಯೇ ಸಂದೇಹ ಬರುವುದುಂಟು. ಗಂಡು ಶಿಶುವಿನಲ್ಲಾದರೋ ಹೊರನೋಟಕ್ಕೆ ಕಾಣುವ ಗುರುತು ಇಲ್ಲವೆಂದೇ ಹೇಳಬೇಕು. ಆದಕಾರಣ ಹಲವು ದೇಶಗಳಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ಒಂದೆರಡು ತೊಟ್ಟು ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುತ್ತಾರೆ. ಈ ವಿಧಾನವು ೧೯೭೭ರಲ್ಲಿ ಪ್ರಕಟವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಐದು ನಗರಗಳಲ್ಲಿ ಸುಮಾರು ಒಂದು ಲಕ್ಷ ಶಿಶುಗಳನ್ನು ಪರೀಕ್ಷಿಸಿ ೨೦೧೮ರಲ್ಲಿ ಪ್ರಕಟಿಸಿದ ವರದಿಯಂತೆ, ೫,೭೬೨ ಶಿಶುಗಳಲ್ಲಿ ಒಂದಕ್ಕೆ ಈ ವ್ಯಾಧಿಯಿತ್ತು.

ಚಿಕಿತ್ಸೆಯ ಬಾಗಿಲು ತೆರೆದುದು ೧೯೫೦ರಲ್ಲಿ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಲಾಸನ್ ವಿಲ್ಕಿನ್ಸ್ ಎಂಬ ಮಕ್ಕಳ ವೈದ್ಯರು ಆಗತಾನೆ ದೊರೆತಿದ್ದ ಕಾರ್ಟಿಸೋನ್ ಔಷಧವನ್ನು ಪ್ರಯೋಗಿಸಿದರು. ಒಣಗಿದ ಗದ್ದೆಗೆ ಹೊರಗಿನಿಂದ ಕೊಡದಲ್ಲಿ ನೀರು ಹೊಯ್ದಂತಾಯಿತು. ನೀರುಗಂಟಿಯು ಸಮಾಧಾನಗೊಂಡು ತೂಬನ್ನು ಇಳಿಸಿದನು. ಇದು ತಿಳಿದುದು ಹೇಗೆ? ರೋಗಿಯ ಮೂತ್ರವನ್ನು ಇಪ್ಪತ್ತನಾಲ್ಕು ಗಂಟೆಗಳ ಕಾಲ ಕೂಡಿಟ್ಟು, ಆಂಡ್ರೊಜನ್ನುಗಳಿಂದ ಹುಟ್ಟುವ ೧೭-ಕೀಟೋಸ್ಟಿರಾಯ್ಡುಗಳನ್ನು ಅಳೆದರು. ಅವು ಇಳಿದಿದ್ದವು. ಎಳೆಯ ಮಗುವಿನ ಇಡೀ ದಿನದ ಮೂತ್ರವನ್ನು ಹನಿಯೂ ಬಿಡದೆ ಕೂಡಿಡುವುದು ಎಷ್ಟು ಕಷ್ಟವೆಂಬುದನ್ನು ತಾಯಂದಿರು ಬಲ್ಲರು. ಮುಂದೆ ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಅವರು ವಿಕಿರಣಶೀಲ ಗುರುತನ್ನು ಬಳಸಿ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನವನ್ನು ಕಂಡುಹಿಡಿದುದರಿಂದ ಕೊಂಚ ರಕ್ತವೇ ಸಾಕಾಯಿತು. ಯಾಲೊ ಅವರಿಗೆ ೧೯೭೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಅಳೆಯುವ ಸಾಧನವೇನೋ ಸಿಕ್ಕಿತು. ಆದರೆ ಅಳತೆಯನ್ನು ಓದುವುದು ಬೇರೆಯೇ ಒಂದು ವಿದ್ಯೆ. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ನಡುರಾತ್ರಿಯಲ್ಲಿ ಕನಿಷ್ಠಕ್ಕಿಳಿದು, ಬೆಳಗಿನ ಜಾವದಲ್ಲಿ ಏರತೊಡಗಿ, ಏಳುವ ಹೊತ್ತಿಗೆ ಶಿಖರವನ್ನು ಮುಟ್ಟುತ್ತದೆ. ಗುಳಿಗೆಗೆ ಈ ಲಯ ತಿಳಿಯದು. ರಾತ್ರಿ ನುಂಗಿದ ಔಷಧವು ಜಾವದೊಳಗೆ ಕರಗಿಹೋಗಿರುತ್ತದೆ. ಅದೇ ಹೊತ್ತಿಗೆ ಪಿಟ್ಯುಟರಿಯು ಎಚ್ಚೆತ್ತಿರುತ್ತದೆ. ಆದ್ದರಿಂದ ಬೆಳಗಿನ ಗುಳಿಗೆಗೆ ಮೊದಲು ತೆಗೆದ ರಕ್ತದಲ್ಲಿ ೧೭-ಹೈಡ್ರಾಕ್ಸಿಪ್ರೊಜೆಸ್ಟರೋನ್ ಬಹಳ ಏರಿರಬಹುದು. ಗುಳಿಗೆ ನುಂಗಿದ ಕೆಲವು ಗಂಟೆಗಳ ಮೇಲೆ ಅದೇ ಮಗುವಿನಲ್ಲಿ ಅದು ಎಷ್ಟೋ ಪಟ್ಟು ಇಳಿದಿರಬಹುದು. ಯಾವ ಹೊತ್ತಿನಲ್ಲಿ, ಗುಳಿಗೆಗೆ ಮೊದಲೋ ಆಮೇಲೋ ಎಂಬುದನ್ನು ಬರೆಯದ ಅಂಕಿಗೆ ಬೆಲೆಯಿಲ್ಲ. ಇದಕ್ಕಾಗಿಯೇ ಪ್ರತಿಸಲವೂ ಒಂದೇ ಹೊತ್ತಿನಲ್ಲಿ ರಕ್ತ ತೆಗೆಯುತ್ತಾರೆ. ಜೊತೆಗೆ ಅಷ್ಟಾಗಿ ಏರಿಳಿಯದ ಆಂಡ್ರೊಸ್ಟೀನ್‌ಡಯೋನ್ ಎಂಬ ಆಂಡ್ರೊಜನ್ನನ್ನೂ ಅಳೆಯುತ್ತಾರೆ. ಕೆಲವೆಡೆ ಮನೆಯಲ್ಲಿಯೇ ದಿನಕ್ಕೆ ಮೂರು ನಾಲ್ಕು ಸಲ ಜೊಲ್ಲನ್ನೋ ರಕ್ತದ ತೊಟ್ಟನ್ನೋ ಕೂಡಿಟ್ಟು ಕಳುಹಿಸುವ ಪದ್ಧತಿಯೂ ಉಂಟು.

ಇನ್ನೊಂದು ಸೂಕ್ಷ್ಮವುಂಟು. ಏರಿದ ಅಂಕಿಯನ್ನು ಪೂರ್ತಿ ಇಳಿಸಿಬಿಡಬೇಕೆಂದು ನಮಗೆ ತೋರಬಹುದು. ಹಾಗೆ ಮಾಡಹೊರಟರೆ ಔಷಧವು ಮಿತಿಮೀರುತ್ತದೆ. ಕಾರ್ಟಿಸಾಲಿನ ಅತಿರೇಕವು ಮಗುವಿನ ಮೈಯನ್ನು ಬೊಜ್ಜಾಗಿಸಿ, ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಔಷಧ ಕಡಮೆಯಾದರೆ ಮೂಳೆ ಬೇಗ ಬಲಿತು ಗಿಡ್ಡ. ಹೆಚ್ಚಾದರೆ ಬೆಳೆಯದೆಯೇ ಗಿಡ್ಡ. ಅತ್ತ ದರಿ, ಇತ್ತ ಪುಲಿ! ಆದುದರಿಂದ ವೈದ್ಯರು ೧೭-ಹೈಡ್ರಾಕ್ಸಿಪ್ರೊಜೆಸ್ಟರೋನನ್ನು ಸಾಮಾನ್ಯ ಮಟ್ಟಕ್ಕಿಂತ ತುಸು ಮೇಲೆಯೇ ಇರಗೊಡುತ್ತಾರೆ. ಬೆಳೆಯುವ ಮಕ್ಕಳಿಗೆ ಮೈಯ ಹೊರಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ ೧೦ರಿಂದ ೧೫ ಮಿಲಿಗ್ರಾಂ ಹೈಡ್ರೊಕಾರ್ಟಿಸೋನನ್ನು ಮೂರು ಪಾಲು ಮಾಡಿ ಕೊಡುವುದು ರೂಢಿ. ಉಪ್ಪು ಸೋರುವವರಿಗೆ ಫ್ಲೂಡ್ರೊಕಾರ್ಟಿಸೋನ್ ಸೇರಿಸಿ, ರಕ್ತದೊತ್ತಡವನ್ನೂ ರೆನಿನ್ ಎಂಬ ಪದಾರ್ಥವನ್ನೂ ನೋಡಿ ಅದರ ಪ್ರಮಾಣವನ್ನು ನಿರ್ಧರಿಸುತ್ತಾರೆ.

ಕೊನೆಯ ತೀರ್ಪನ್ನು ಹೇಳುವುದು ಮಗುವಿನ ಮೈಯೇ. ಶೈಶವದಲ್ಲಿ ಮೂರು ತಿಂಗಳಿಗೊಮ್ಮೆಯಾದರೂ, ಅನಂತರ ನಾಲ್ಕು ತಿಂಗಳಿಗೊಮ್ಮೆ ಎತ್ತರ ತೂಕಗಳನ್ನು ಅಳೆದು ನಕ್ಷೆಯಲ್ಲಿ ಗುರುತಿಸುತ್ತಾರೆ. ಎರಡು ವರ್ಷ ಕಳೆದ ಮೇಲೆ ಆಗಾಗ ಮೂಳೆಯ ವಯಸ್ಸನ್ನೂ ನೋಡುತ್ತಾರೆ. ಜ್ವರ ಬಂದಾಗ ಮಾತ್ರ ಅಂಕಿಗಾಗಿ ಕಾಯುವಂತಿಲ್ಲ. ವೈದ್ಯರು ಮೊದಲೇ ಹೇಳಿಕೊಟ್ಟಂತೆ ಗುಳಿಗೆಯನ್ನು ಎರಡು ಮೂರು ಪಟ್ಟು ಹೆಚ್ಚಿಸಬೇಕು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಚುಚ್ಚುಮದ್ದನ್ನು ಕೊಡಲೇಬೇಕು. ತಡವಾದರೆ ಪ್ರಾಣಕ್ಕೇ ಮುಪ್ಪು ಬರುವ ಹೊತ್ತು ಅದು.

೨೦೨೪ರ ಡಿಸೆಂಬರಿನಲ್ಲಿ ಅಮೆರಿಕವು ನಾಲ್ಕು ವರ್ಷ ಮೀರಿದವರಿಗೆ ಕ್ರಿನೆಸರ್ಫಾಂಟ್ ಎಂಬ ಹೊಸ ಔಷಧಕ್ಕೆ ಸಮ್ಮತಿಯಿತ್ತಿತು. ಇದು ನೀರುಗಂಟಿಗೆ ಮೇಲಿನಿಂದ ಬರುವ ಅಪ್ಪಣೆಯನ್ನೇ ತಡೆಯುತ್ತದೆ. ಹೈಡ್ರೊಕಾರ್ಟಿಸೋನನ್ನು ಬಿಡಲಾಗದಿದ್ದರೂ ಅದರ ಪ್ರಮಾಣವನ್ನು ತಗ್ಗಿಸಲು ಇದರಿಂದ ಅನುಕೂಲವಾಗುತ್ತದೆ. ಔಷಧಗಳು ಎಷ್ಟೇ ಹೊಸತಾದರೂ, ಗಡಿಯಾರ, ಅಳತೆಗೋಲು, ರಕ್ತದ ತೊಟ್ಟು ಈ ಮೂರನ್ನು ಕೂಡಿಸಿ ಓದುವ ಜಾಣ್ಮೆ ಬೇಕೇ ಬೇಕು. ಗದ್ದೆಗೆ ನೀರು ಹೆಚ್ಚಾದರೂ ಪೈರು ಕೆಡುತ್ತದೆ, ಕಡಮೆಯಾದರೂ ಕೆಡುತ್ತದೆ. ಹದವರಿತು ಹಾಯಿಸಿದಾಗಲೇ ಅದು ತನ್ನ ಕಾಲಕ್ಕೆ ತನ್ನ ಎತ್ತರಕ್ಕೆ ಬೆಳೆಯುವುದು.