ಹಲಗೆ ಎಲ್ಲಿಯವರೆಗೆ ಬಾಗುತ್ತದೆ?

ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1945ರ ಸುಮಾರಿಗೆ ರೂಪಿಸಿದ ಪ್ಲೈವುಡ್ ಕುರ್ಚಿಯಲ್ಲಿ ಆಸನವೇ ಬೇರೆ, ಒರಗುವ ಹಲಗೆಯೇ ಬೇರೆ. ನಡುವಿನ ಖಾಲಿ ಜಾಗವನ್ನು ಅಂದಕ್ಕಾಗಿ ಬಿಟ್ಟಿದ್ದಾರೆ ಎನಿಸುತ್ತದೆ. ಆದರೆ ಇಡೀ ಕುರ್ಚಿಯನ್ನು ಒಂದೇ ಹಲಗೆಯಲ್ಲಿ ಮಾಡಲು ಹೋದಾಗಲೆಲ್ಲ ಮರ ಬಿರಿಯುತ್ತಿದ್ದದ್ದು ಅಲ್ಲೇ.

ದಪ್ಪ ಹಲಗೆ ಬಾಗಬೇಕಾದರೆ ಅದರ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ದಪ್ಪ ಹೆಚ್ಚಿದಷ್ಟೂ ಎಳೆತ ಹೆಚ್ಚು. ಕೊನೆಗೆ ನಾರು ಹರಿಯುತ್ತದೆ. ಅದೇ ಮರವನ್ನು ತೆಳು ಹಾಳೆಗಳಾಗಿ ಸುಲಿದರೆ ಪ್ರತಿಯೊಂದೂ ಸಲೀಸಾಗಿ ಬಾಗುತ್ತದೆ. ನಡುವೆ ಅಂಟು ಸವರಿ ಅಚ್ಚಿನ ಮೇಲೆ ಬಿಸಿಯಾಗಿ ಒತ್ತಿದರೆ, ಅಂಟು ಗಟ್ಟಿಯಾದ ಮೇಲೆ ಹಾಳೆಗಳು ಒಂದರ ಮೇಲೊಂದು ಜಾರಲಾರವು. ಬಾಗಿದ ರೂಪ ಹಾಗೇ ನಿಲ್ಲುತ್ತದೆ. ಈ ಲೆಕ್ಕ ನನಗೆ ಇಂದಿಗೂ ಬೆರಗು: ನಾರು ಒಂದೇ ದಿಕ್ಕಿಗಿರುವ ಐದು ಹಾಳೆಗಳನ್ನು ಸುಮ್ಮನೆ ಪೇರಿಸಿದ್ದಕ್ಕಿಂತ ಅಂಟಿಸಿದಾಗ ಬಿಗಿತ 25 ಪಟ್ಟು. ಪ್ಲೈವುಡ್‌ನಲ್ಲಿ ನಾರುಗಳನ್ನು ಅಡ್ಡಡ್ಡ ಇಡುವುದರಿಂದ ಇದರಲ್ಲಿ ಒಂದಿಷ್ಟು ಕಳೆದುಕೊಳ್ಳುತ್ತೇವೆ. ಆದರೆ ತೇವಕ್ಕೆ ಹಿಗ್ಗಿ ಸೊಟ್ಟಗಾಗುವ ಮರದ ಹಳೆಯ ಚಾಳಿ ಹತೋಟಿಗೆ ಬರುತ್ತದೆ.

ಒಂದೇ ದಿಕ್ಕಿಗೆ ಬಗ್ಗಿಸುವುದನ್ನು ಫಿನ್‌ಲೆಂಡಿನ ವಿನ್ಯಾಸಕ ಆಲ್ವಾರ್ ಆಲ್ಟೊ 1930ರ ದಶಕದಲ್ಲೇ ಸಾಧಿಸಿದ್ದರು. ಕಷ್ಟವಿದ್ದದ್ದು ಮೈಯ ಉಬ್ಬುತಗ್ಗಿಗೆ ಒಪ್ಪುವಂತೆ ಎರಡೂ ದಿಕ್ಕಿಗೆ ಬಗ್ಗಿಸುವುದರಲ್ಲಿ. ಕಾಗದವನ್ನು ಕಡಲೆಕಾಯಿ ಪೊಟ್ಟಣವಾಗಿ ಸುತ್ತಬಹುದು. ತೆಂಗಿನಕಾಯಿಗೆ ಸುತ್ತಿದರೆ ನೆರಿಗೆ ಬೀಳದೆ ಇರದು. ಚಪ್ಪಟೆ ಹಾಳೆ ಹಿಗ್ಗದೆ, ಕುಗ್ಗದೆ ಗೋಳದ ಮೈಗೆ ಒಪ್ಪಲಾರದೆಂದು ಗಣಿತಜ್ಞ ಗಾಸ್ 19ನೇ ಶತಮಾನದಲ್ಲೇ ಗಣಿತದಿಂದ ತೋರಿಸಿದ್ದ. ಚಾರ್ಲ್ಸ್ ತಮ್ಮ ಗೆಳೆಯ ಈರೊ ಸಾರಿನೆನ್ ಜೊತೆ 1940ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದ ಸ್ಪರ್ಧೆ ಗೆದ್ದದ್ದು ಹೀಗೆ ಎರಡೂ ದಿಕ್ಕಿಗೆ ಬಾಗಿದ ಕುರ್ಚಿಗಳಿಗಾಗಿ. ಅವು ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಾಗಲಿಲ್ಲ.

1941ರಲ್ಲಿ ಮದುವೆಯಾಗಿ ಲಾಸ್ ಏಂಜಲೀಸ್‌ಗೆ ಬಂದ ಚಾರ್ಲ್ಸ್ ಮತ್ತು ಚಿತ್ರಕಲಾವಿದೆ ರೇ, ಬಾಡಿಗೆ ಮನೆಯೊಳಗೇ ಯಂತ್ರವೊಂದನ್ನು ಕಟ್ಟಿದರು. ಪ್ಲಾಸ್ಟರ್ ಅಚ್ಚು, ಬಿಸಿಗೆ ವಿದ್ಯುತ್ ಸುರುಳಿ, ಹಾಳೆಗಳನ್ನು ಅದುಮಲು ರಬ್ಬರ್ ಚೀಲ, ಅದಕ್ಕೆ ಗಾಳಿ ತುಂಬಲು ಸೈಕಲ್ ಪಂಪ್. ಹೆಸರು ‘ಕಜಾಮ್!’. ಅದರಿಂದ ಕಲಿತದ್ದು ಮೊದಲು ಫಲಿಸಿದ್ದು ಯುದ್ಧಕಾಲದಲ್ಲಿ, ಗಾಯಾಳುಗಳ ಕಾಲಿಗೆ ಕಟ್ಟುವ ದಬ್ಬೆಯಾಗಿ. ಲೋಹದ ದಬ್ಬೆಗಳು ಅದುರಿ ಗಾಯವನ್ನು ಇನ್ನಷ್ಟು ಕೆಡಿಸುತ್ತಿದ್ದವು. ಅಮೆರಿಕದ ನೌಕಾಪಡೆಗಾಗಿ ಸುಮಾರು 1,50,000 ಪ್ಲೈವುಡ್ ದಬ್ಬೆಗಳು ತಯಾರಾದವು. ಅವುಗಳಲ್ಲಿನ ಕಿಂಡಿಗಳು ಬಟ್ಟೆಪಟ್ಟಿ ಹಾಯಿಸಲು ಅನುಕೂಲ. ಜೊತೆಗೆ, ಎಳೆತ ಹೆಚ್ಚಿದ ಕಡೆ ಮರವನ್ನೇ ತೆಗೆದುಹಾಕಿದ್ದರಿಂದ ಬಿರುಕೂ ತಪ್ಪಿತು.

ಕುರ್ಚಿಯ ಗುಟ್ಟೂ ಇದೇ. ಎರಡು ತುಂಡು ಮಾಡಿ, ರಬ್ಬರ್ ಬಿಲ್ಲೆಗಳ ಮೂಲಕ ಚೌಕಟ್ಟಿಗೆ ಕೂಡಿಸಿದಾಗ ಒರಗಿದವರ ಜೊತೆ ಬೆನ್ನಹಲಗೆಯೂ ಕೊಂಚ ಬಳುಕಿತು. ಮೆತ್ತೆಯಿಲ್ಲದೆ ಮರದಲ್ಲೇ ಸುಖ ಸಿಕ್ಕಿತು. ಈ ವಿನ್ಯಾಸವನ್ನು ಟೈಮ್ ಪತ್ರಿಕೆ 1999ರಲ್ಲಿ ಶತಮಾನದ ಶ್ರೇಷ್ಠ ವಿನ್ಯಾಸವೆಂದು ಕರೆಯಿತು. ಈ ಹೊಗಳಿಕೆ ಅತಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಬಾಗಿದ ಪ್ಲೈವುಡ್ ಕುರ್ಚಿ ಕೊಳ್ಳುವಾಗ ಅದರ ಅಂಚನ್ನು ನೋಡಿ. ಪದರಗಳು ಸಾಮಾನ್ಯವಾಗಿ ಬೆಸಸಂಖ್ಯೆಯಲ್ಲಿರುತ್ತವೆ. ಬಾಗಿದ ಕಡೆ ಅವುಗಳ ನಡುವೆ ಸಂದು ಕಂಡರೆ ಕೊಳ್ಳಬೇಡಿ.