ವಿಶೇಷ ಶಾಲೆಗಳ ಕಾನೂನು ಪರಿಭಾಷೆ: ‘ಬುದ್ಧಿಮಾಂದ್ಯತೆ’ಯಿಂದ ‘ಬೌದ್ಧಿಕ ವಿಕಲತೆ’ಗೆ

ಶಾಸನದಲ್ಲಿ ಒಂದು ಪದ ಬದಲಾದರೆ ಅದನ್ನು ಕೇವಲ ಸೌಜನ್ಯದ ವಿಷಯವೆಂದು ಭಾವಿಸುವುದುಂಟು. ವಿಶೇಷ ಶಾಲೆಗಳ ಮಟ್ಟಿಗೆ ಈ ಭಾವನೆ ಸಾಧುವಲ್ಲ. ಶಾಲೆಯ ನೋಂದಣಿ, ಅನುದಾನದ ಆದೇಶ, ಮಗುವಿನ ಪ್ರಮಾಣಪತ್ರ ಇವೆಲ್ಲವೂ ಅಂತಹ ಒಂದು ಪದವನ್ನೇ ಆಶ್ರಯಿಸಿ ನಿಂತಿರುತ್ತವೆ.

1995ರ ಕೇಂದ್ರ ಅಧಿನಿಯಮವು ಏಳು ಬಗೆಯ ವಿಕಲತೆಗಳನ್ನು ಮಾತ್ರ ಗುರುತಿಸಿತ್ತು. ಅವುಗಳಲ್ಲಿ ‘ಮೆಂಟಲ್ ರಿಟಾರ್ಡೇಷನ್’ ಒಂದು. ಕನ್ನಡದಲ್ಲಿ ಅದು ‘ಬುದ್ಧಿಮಾಂದ್ಯತೆ’ ಎಂದು ರೂಢಿಗೆ ಬಂದಿತು. ಆಟಿಸಂ ಆ ಪಟ್ಟಿಯಲ್ಲಿರಲಿಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಧಿನಿಯಮವು ಪಟ್ಟಿಯನ್ನು 21ಕ್ಕೆ ವಿಸ್ತರಿಸಿ, ಹಳೆಯ ಪದವನ್ನು ಕೈಬಿಟ್ಟು ‘ಬೌದ್ಧಿಕ ವಿಕಲತೆ’ ಎಂಬರ್ಥದ ಪದವನ್ನು ತಂದಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಈ ಎರಡು ಪದಗಳು ಪರ್ಯಾಯಗಳಲ್ಲ. ಹೊಸ ಅಧಿನಿಯಮದ ಅನುಸೂಚಿಯು ನಿರ್ದಿಷ್ಟ ಕಲಿಕಾ ವಿಕಲತೆಯನ್ನೂ ಆಟಿಸಂ ಅನ್ನೂ ಬೌದ್ಧಿಕ ವಿಕಲತೆಯ ಒಳಗೇ ಇರಿಸಿದೆ. ಆದುದರಿಂದ ರಾಜ್ಯವೊಂದು ತನ್ನ ನಿಯಮಗಳಲ್ಲಿ ಹಳೆಯ ಪದವನ್ನು ಅಳಿಸಿ ಹೊಸತನ್ನು ಬರೆದಾಗ, ಆ ಶಾಲೆಗೆ ಸೇರಬಹುದಾದ ಮಕ್ಕಳ ವರ್ಗವೇ ಹಿಗ್ಗುತ್ತದೆ. ಬರೆಯದೆ ಬಿಟ್ಟರೆ, ಓದಿನಲ್ಲಿ ಮಾತ್ರ ತೊಡಕಿರುವ ಮಗುವಿಗೆ ಆ ನಿಯಮದಡಿ ಸ್ಥಾನವುಂಟೇ ಎಂಬ ಪ್ರಶ್ನೆ ಕಚೇರಿಯ ಮೇಜಿನ ಮೇಲೆ ಉಳಿಯುತ್ತದೆ.

1897ರ ಸಾಮಾನ್ಯ ಖಂಡಗಳ ಅಧಿನಿಯಮದ 8ನೆಯ ಪ್ರಕರಣದಂತೆ, ರದ್ದಾದ ಕಾಯಿದೆಯೊಂದರ ಉಲ್ಲೇಖವನ್ನು ಅದರ ಸ್ಥಾನದಲ್ಲಿ ಬಂದ ಕಾಯಿದೆಯ ಉಲ್ಲೇಖವೆಂದೇ ಓದಬೇಕು. ಆದರೆ ಈ ಅನುಕೂಲ ಕಾಯಿದೆಯ ಉಲ್ಲೇಖಕ್ಕೆ ಸಲ್ಲುವುದೇ ಹೊರತು, ನಿಯಮದ ಒಡಲಲ್ಲಿ ಬಿಡಿಯಾಗಿ ಬಂದ ‘ಬುದ್ಧಿಮಾಂದ್ಯ’ ಎಂಬ ಪದಕ್ಕಲ್ಲ. ಅದನ್ನು ತಿದ್ದುಪಡಿಯಿಂದಲೇ ಸರಿಪಡಿಸಬೇಕು. ಸಂಸತ್ತಿನ ಕೆಲಸವೂ ಪೂರ್ಣಗೊಂಡಿಲ್ಲ: 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಶೀರ್ಷಿಕೆಯಲ್ಲಿ ಹಳೆಯ ಪದ ಇಂದಿಗೂ ಇದೆ.

ಇನ್ನು ಕನ್ನಡದ ಮಾತು. ಕರ್ನಾಟಕ ಸರ್ಕಾರದ ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನ’ ಎಂಬ ಪದವಿದೆ. ‘ಅಂಗವಿಕಲ’ಕ್ಕಿಂತ ಇದು ಗೌರವದ್ದೆಂಬ ಭಾವನೆ ವ್ಯಾಪಕವಾಗಿದೆ. ಸಮಾಸವನ್ನು ಬಿಡಿಸಿ ನೋಡಿದರೆ ಸ್ಥಿತಿ ತಲೆಕೆಳಗು: ಹಳೆಯ ಪದ ಅಂಗದ ಕೊರತೆಯನ್ನಷ್ಟೇ ಹೇಳುತ್ತಿತ್ತು, ಹೊಸದು ಚೇತನವೇ ವಿಕಲವಾದವನು ಎನ್ನುತ್ತದೆ. ಕಾಲಿಲ್ಲದ ವಿದ್ವಾಂಸರಿಗೆ ಇದು ಹೇಗೆ ಗೌರವವಾದೀತು? ‘ವಿಶೇಷಚೇತನ’ ಈ ದೋಷದಿಂದ ಪಾರಾಗಿದೆ, ಆದರೆ ಕಾನೂನಿಗೆ ಬೇಕಾದ ಖಚಿತತೆ ಅದರಲ್ಲಿಲ್ಲ. ತಮಿಳು ‘ಮಾಟ್ರುತ್ತಿರನಾಳಿ’ ಎಂದು ಸಾಮರ್ಥ್ಯದ ಕಡೆಗೆ ತಿರುಗಿತು. ಹಿಂದಿ, ಮರಾಠಿಗಳು ‘ದಿವ್ಯಾಂಗ’ವನ್ನು ಹಿಡಿದವು. ಮರಾಠಿಯ ‘ಮತಿಮಂದ’ವಂತೂ ನಮ್ಮ ‘ಮಂದಮತಿ’ಯೇ, ಎರಡು ನುಡಿಗಳಲ್ಲೂ ಅದು ಬೈಗುಳವಾಗಿ ಬಳಕೆಯಾಗುತ್ತದೆ. ನಮ್ಮ ಮಟ್ಟಿಗೆ, ವ್ಯಕ್ತಿಯನ್ನು ಮೊದಲು ಹೇಳುವ ‘ಬೌದ್ಧಿಕ ವಿಕಲತೆಯುಳ್ಳ ಮಗು’ ಎಂಬ ರಚನೆ ಉದ್ದವಾದರೂ ನಿಯಮಗಳಿಗೆ ಯೋಗ್ಯವೆಂದು ತೋರುತ್ತದೆ.

ಪುಣೆ, ಚೆನ್ನೈ, ಹೈದರಾಬಾದುಗಳಿಂದ ಊರಿಗೆ ಮರಳುವ ಕನ್ನಡ ಕುಟುಂಬಗಳು ಬೇರೆ ಬೇರೆ ಪದಗಳ ಪ್ರಮಾಣಪತ್ರಗಳನ್ನು ತರುತ್ತವೆ. 2016ರ ಅಧಿನಿಯಮದ 58ನೆಯ ಪ್ರಕರಣದಂತೆ ಅವು ದೇಶದಾದ್ಯಂತ ಮಾನ್ಯ; ಪದಭೇದ ಪ್ರವೇಶಕ್ಕೆ ಅಡ್ಡಿಯಾಗಲಾಗದು. ಹಳೆಯ ದಾಖಲೆಗಳನ್ನು ಉದ್ಧರಿಸುವ ಸಂಶೋಧಕರು ಮಾತ್ರ ಮೂಲದ ಪದವನ್ನು ತಿದ್ದದೆ ಹಾಗೆಯೇ ಉಳಿಸಿ, ಪಕ್ಕದಲ್ಲಿ ವರ್ಷವನ್ನು ನಮೂದಿಸುವುದು ಒಳಿತು.